ಬಾಮೈದನ ಲಾರಿ

ಮೂವತ್ತೆಂಟು ಸಾವಿರ ಅಂದಾಗ ಜ್ಯೋತಿಲಕ್ಷ್ಮಿ ಯಾಕೆ ‘ಅಷ್ಟೊಂದಾ?’ ಅನ್ನಲಿಲ್ಲ? ಗುರುವಾರ ಬೆಳಗ್ಗೆ ಹಲ್ಲುಜ್ಜುತ್ತ ನಿಂತಿದ್ದ ಮುನಿಕೃಷ್ಣನಿಗೆ ನಾಲ್ಕು ದಿನ ತಡವಾಗಿ ಈ ಪ್ರಶ್ನೆ ಹೊಳೆಯಿತು. ಹೊಳೆದದ್ದೇ ಉಜ್ಜುವುದನ್ನು ಮರೆತು, ಬಾಯಿ ತುಂಬ ನೊರೆ ಇಟ್ಟುಕೊಂಡು, ಬಚ್ಚಲ ಬಾಗಿಲ ಸಂದಿಯಿಂದ ಹೆಂಡತಿಯನ್ನು ನೋಡಿದ. ಅವಳು ಹೊಲಿಗೆ ಮಿಷನ್ನಿನ ಮುಂದೆ ಕೂತು ಯಾರದೋ ಬ್ಲೌಸಿಗೆ ಹುಕ್ಕು ಹಾಕುತ್ತಿದ್ದಳು. ಎಂದಿನದೇ ಮುಖ. ಎಂದಿನ ಮುಖ ಯಾಕಿರಬೇಕು? ಭಾನುವಾರ ಅವಳ ತಮ್ಮ ಲೋಕೇಶ ಅತ್ತಿಬೆಲೆಯಿಂದ ಕಾರಿನಲ್ಲಿ ಬಂದು, ಒಂದು ಚಿಪ್ಪು ಬಾಳೆಹಣ್ಣು ಟೀಪಾಯಿ ಮೇಲಿಟ್ಟು, ಕಾಫಿ ಕುಡಿದು, ಎದ್ದು ಹೊರಡುವ ಹೊತ್ತಿಗೆ ಏನೋ ಮರೆತದ್ದು ನೆನಪಾದವನ ಹಾಗೆ, “ಬಾವ, ಆ ಕಂಪನಿ ಗಾಡಿ ಬಿಟ್ಬಿಡಿ. ನಮ್ಮ ಮೂರನೇ ಲಾರಿಗೆ ನೀವೇ ಬನ್ನಿ. ತಿಂಗಳಿಗೆ ಮೂವತ್ತೆಂಟು ಕೊಡ್ತೀನಿ. ಹಗಲು ಡ್ಯೂಟಿನೇ. ಗುರುವಾರ ನಿಮಗೆ ರಜಾ ಅಲ್ವಾ, ಯಾರ್ಡ್ ಕಡೆ ಬಂದು ಒಂದು ಮಾತು ಹೇಳಿ” ಎಂದಿದ್ದ. ಹಾಗೆ ಹೇಳುವಾಗ ಅವನು ಮುನಿಕೃಷ್ಣನ ಮುಖ ನೋಡಿರಲಿಲ್ಲ. ಗೋಡೆಯ ಮೇಲಿನ ಕ್ಯಾಲೆಂಡರು ನೋಡಿದ್ದ. ಜ್ಯೋತಿಲಕ್ಷ್ಮಿ ಲೋಟ ಎತ್ತಿಕೊಂಡು ಒಳಗೆ ಹೋಗಿದ್ದಳು. ಲೋಟ ಎತ್ತಿಕೊಳ್ಳುವ ಗಳಿಗೆಯೇ ಅದು? ತಿಂಗಳಿಗೆ ಹತ್ತೊಂಬತ್ತು ಸಾವಿರ ತರುವ ಗಂಡನಿಗೆ ಯಾರೋ ಅದರ ಎರಡರಷ್ಟು ಕೊಡುತ್ತೇನೆ ಅಂದರೆ ಹೆಂಡತಿಯಾದವಳು ಲೋಟ ಎತ್ತಿಕೊಂಡು ಹೋಗುತ್ತಾಳೆಯೇ? ಮೊದಲೇ ಕೇಳಿಸಿಕೊಂಡಿದ್ದವಳು ಮಾತ್ರ ಹಾಗೆ ಹೋಗುತ್ತಾಳೆ.

ಈ ನಾಲ್ಕು ದಿನ ಅವನು ಸುಮ್ಮನೆ ಕೂತಿರಲಿಲ್ಲ. ದೊಡ್ಡನೆಕ್ಕುಂದಿಯ ಟೀ ಅಂಗಡಿಯಲ್ಲಿ, ಪೆಟ್ರೋಲ್ ಬಂಕಿನಲ್ಲಿ, ಗಾಡಿ ನಿಲ್ಲಿಸುವ ಮೈದಾನದಲ್ಲಿ, ಯಾರಿಗೋ ಕೆಲಸ ಹುಡುಕುವವನ ಹಾಗೆ ಮಾತು ತೆಗೆದು ವಿಚಾರಿಸಿದ್ದ. ಲೋಕಲ್ ಲಾರಿ ಡ್ರೈವರಿಗೆ ಎಲ್ಲ ಕಡೆ ಇಪ್ಪತ್ತೆರಡು, ಇಪ್ಪತ್ತನಾಲ್ಕು. ಅದಕ್ಕಿಂತ ಮೇಲೆ ಯಾರೂ ಕೊಡುವುದಿಲ್ಲ. “ಮೂವತ್ತೆಂಟಾ? ಏನು ತುಂಬಿಸ್ತಾರಂತೆ ಗುರು ಅದರಲ್ಲಿ?” ಎಂದು ಬಂಕಿನವನು ನಕ್ಕಿದ್ದ. ಆ ನಗು ಮುನಿಕೃಷ್ಣನ ಜೊತೆಯಲ್ಲೇ ಮನೆಗೆ ಬಂದಿತ್ತು. ಬೆಳ್ಳಂದೂರಿನ ಟೆಕ್ ಪಾರ್ಕಿನಿಂದ ಜನರನ್ನು ಹೇರಿಕೊಂಡು ವೈಟ್‌ಫೀಲ್ಡಿಗೆ ಬಿಟ್ಟು ಬರುವ ಟೆಂಪೋ ಟ್ರಾವೆಲರಿನಲ್ಲಿ ಕೂತಾಗಲೂ ಅದೇ ನಗು. ಹಿಂದೆ ಕೂತವರು ಕಿವಿಗೆ ತಂತಿ ಸಿಕ್ಕಿಸಿಕೊಂಡು ತಮ್ಮ ತಮ್ಮ ಲೋಕದಲ್ಲಿರುತ್ತಾರೆ, ಇವನ ಬೆನ್ನು ಬಿಟ್ಟು ಬೇರೇನನ್ನೂ ಕಂಡವರಲ್ಲ. ಕಂಡದ್ದು ಒಂದೇ, ಇವನು ನಿಧಾನ ಓಡಿಸುತ್ತಾನೆ ಅನ್ನುವುದು. ರಸ್ತೆ ಖಾಲಿಯಿದ್ದರೂ ನಲವತ್ತು ದಾಟುವುದಿಲ್ಲ. ಎಡಗಡೆ ಒಂದು ಸ್ಕೂಟರು ಬಂದರೆ ಸಾಕು, ಅದು ಮುಂದೆ ಹೋಗುವವರೆಗೂ ಉಸಿರು ಬಿಗಿಹಿಡಿದು ಕಾಯುತ್ತಾನೆ. ಹೋದ ತಿಂಗಳು ಒಬ್ಬಾಕೆ ಮೊಬೈಲಿನಲ್ಲಿ ದೂರು ಒತ್ತಿದ್ದಳು. ಇವನ ಮಗಳು ಮಾಲಾಳಿಗಿಂತ ನಾಲ್ಕೈದು ವರ್ಷ ದೊಡ್ಡವನಾದ ಸೂಪರ್‌ವೈಸರು ಕರೆದು, ಒಂದು ಹಾಳೆ ಕೊಟ್ಟು, ಅದರಲ್ಲಿದ್ದ ಇಂಗ್ಲಿಷಿನ ಮೂರು ಸಾಲು ನಕಲು ಮಾಡಿ ಸಹಿ ಹಾಕೆಂದಿದ್ದ. ಮುನಿಕೃಷ್ಣ ಒಂದೊಂದೇ ಅಕ್ಷರ ನೋಡಿ ನೋಡಿ ಬರೆದಿದ್ದ. ಏನು ಬರೆಯುತ್ತಿದ್ದೇನೆ ಎಂದು ಕೇಳಿರಲಿಲ್ಲ. ಕೇಳಬಹುದಿತ್ತು. ಕೇಳಿದರೆ ಹುಡುಗ ಹೇಳುತ್ತಿದ್ದನೇನೋ. ನಲವತ್ತಾರು ವರ್ಷದ ಗಂಡಸು ಶಾಲೆಯ ಪೋರನ ಹಾಗೆ ಮೇಜಿಗೆ ಬಗ್ಗಿ ನಿಂತು ಕ್ಷಮೆಯನ್ನು ನಕಲು ಮಾಡಿದ್ದನ್ನು ಅವನು ಮನೆಯಲ್ಲಿ ಹೇಳಲಿಲ್ಲ. ಹಾಗಿದ್ದರೂ ಲೋಕೇಶನಿಗೆ ಗೊತ್ತಾಗಿರಬಹುದೇ? ಪಾಪ ಅಂದುಕೊಂಡು ಬಂದನೇ?

ಬಾಯಿ ತೊಳೆದು ಬಂದು, ಷರಟು ಹಾಕಿಕೊಳ್ಳುತ್ತ, ಗೋಡೆಗೆ ಹೇಳುವವನ ಹಾಗೆ ಕೇಳಿದ: “ನಿನ್ನ ತಮ್ಮ ಯಾಕೆ ಅಷ್ಟು ಕೊಡ್ತಾನಂತೆ?”

“ಕೊಡ್ತೀನಿ ಅಂದ್ರೆ ತಗೊಳ್ಳಿ.”

“ಯಾರೂ ಸುಮ್ಸುಮ್ನೆ ಕೊಡಲ್ಲ.”

“ನಿಮಗೆ ಕೊಟ್ರೂ ಅನುಮಾನ, ಕೊಡದೆ ಹೋದ್ರೂ ಅನುಮಾನ.” ಜ್ಯೋತಿಲಕ್ಷ್ಮಿ ದಾರವನ್ನು ಹಲ್ಲಿನಿಂದ ಕಡಿದಳು. “ಮಾಲನ ನರ್ಸಿಂಗ್ ಇನ್ನೂ ಎರಡು ವರ್ಷ ಇದೆ. ನೆಂಟ ಅಂತ ಕರ್ದಿದಾನೆ. ಹೋಗಿ ಒಂದು ಸಲ ಗಾಡಿ ನೋಡ್ಕೊಂಡು ಬನ್ನಿ.”

“ನೋಡು, ನಾನು ಇಷ್ಟು ವರ್ಷ ನಿಮ್ಮಪ್ಪನ ಮನೆಯಿಂದ ಒಂದು ರೂಪಾಯಿ ಮುಟ್ಟಿದೋನಲ್ಲ. ಅದೊಂದು ನೆನಪಿರ್ಲಿ.”

ಇದನ್ನು ಅವನು ಹಬ್ಬ ಹುಣ್ಣಿಮೆಗೆಲ್ಲ ಹೇಳುತ್ತಿದ್ದ, ನೆಂಟರಿಷ್ಟರ ಮುಂದೆಯೂ ಹೇಳುತ್ತಿದ್ದ. ಎಂದಿನ ಹಾಗೆ ಇವತ್ತೂ ಅವಳು ಏನೂ ಅನ್ನಲಿಲ್ಲ. ಸೂಜಿಗೆ ಮತ್ತೆ ದಾರ ಪೋಣಿಸತೊಡಗಿದಳು. ಒಂದೇ ಸಲಕ್ಕೆ ಪೋಣಿಸುವ ಕೈ, ಇವತ್ತು ಮೂರು ಸಲ ತಪ್ಪಿತು. ಮುನಿಕೃಷ್ಣ ಎಣಿಸಿದ.

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಬೇರೆಯವರು ಓಡಿಸುವ ಗಾಡಿಯಲ್ಲಿ ಕೂತರೆ ಅವನ ಬಲಗಾಲು ತನ್ನಷ್ಟಕ್ಕೇ ಬ್ರೇಕು ಒತ್ತುತ್ತಿರುತ್ತದೆ. ಸಿಲ್ಕ್ ಬೋರ್ಡಿನಲ್ಲಿ ಇಳಿದು ಅತ್ತಿಬೆಲೆ ಬಸ್ಸು ಹತ್ತಿದ ಮೇಲೆ ಅವನು ಮೂವತ್ತೆಂಟನ್ನು ಬಿಡಿಸಿ ನೋಡತೊಡಗಿದ. ಗುಟ್ಕಾ ಇರಬಹುದು. ಗಡಿಯಾಚೆ ಹೊಸೂರಿನ ಕಡೆ ಸಾಗಿಸುವವರು ಹೀಗೇ ಮೇಲುಗಡೆ ಬೇರೆ ಮಾಲು ತುಂಬುತ್ತಾರೆ. ಇಲ್ಲ, ಬೊಮ್ಮಸಂದ್ರದ ಯಾವುದಾದರೂ ಫ್ಯಾಕ್ಟರಿಯ ಕೆಮಿಕಲ್ ನೀರಿರಬಹುದು, ಕೆರೆಗೆ ಸುರಿದು ಬರುವ ಕೆಲಸ. ಸಿಕ್ಕಿಬಿದ್ದರೆ ಡ್ರೈವರು ಒಳಗೆ, ಮಾಲೀಕ ಹೊರಗೆ. ಒಳಗೆ ಹೋಗುವವನು ನೆಂಟನಾದರೆ ಬಾಯಿ ಬಿಡುವುದಿಲ್ಲ ಅನ್ನುವ ಲೆಕ್ಕಾಚಾರ. ಅದೂ ಇಲ್ಲವೆಂದರೆ ಜಮೀನು. ಹೌದು, ಜಮೀನೇ. ಮಾವ ನಂಜಪ್ಪ ತೀರಿಕೊಂಡು ಒಂಬತ್ತು ವರ್ಷವಾಯಿತು. ಅತ್ತಿಬೆಲೆ ಸುತ್ತ ಇವತ್ತು ಹೊಲ ಅನ್ನುವ ಮಾತೇ ಇಲ್ಲ, ಎಲ್ಲ ಗೋಡೌನು, ಶೆಡ್ಡು, ಲೇಔಟು. ಹೆಣ್ಣುಮಕ್ಕಳ ಸೈನ್ ಇಲ್ಲದೆ ಒಂದು ಗುಂಟೆಯೂ ಕೈ ಬದಲಾಗುವುದಿಲ್ಲ. ಅವನು ಗಾಡಿ ನಿಲ್ಲಿಸುವ ಮೈದಾನದ ಪಕ್ಕದಲ್ಲೇ ಒಬ್ಬ ತನ್ನ ಅಕ್ಕಂದಿರಿಗೆ ಸೀರೆ ಉಡಿಸಿ, ತಿರುಪತಿಗೆ ಕರೆದುಕೊಂಡು ಹೋಗಿ, ಬರುವ ದಾರಿಯಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ಗಾಡಿ ನಿಲ್ಲಿಸಿದ್ದನಂತೆ. ಲೋಕೇಶ ಅಷ್ಟು ಒರಟನಲ್ಲ. ಮೊದಲು ಬಾವನನ್ನು ಸಂಬಳಕ್ಕಿಡುತ್ತಾನೆ. ಆರು ತಿಂಗಳು ತಿಂದ ಮೇಲೆ ಒಂದು ದಿನ ಕಾಗದ ಮುಂದಿಡುತ್ತಾನೆ. ತಿಂದವನು ಹೇಗೆ ಬೇಡವೆನ್ನುತ್ತಾನೆ? ಎಷ್ಟು ಸರಳ, ಎಷ್ಟು ನಯ! ತನಗೆ ಇದು ಭಾನುವಾರವೇ ಹೊಳೆಯಬೇಕಿತ್ತು. ಹೊಳೆದ ಖುಷಿಗೆ ಮುನಿಕೃಷ್ಣ ಕಿಟಕಿಯ ಗಾಜಿನಲ್ಲಿ ನಗುತ್ತಿರುವ ತನ್ನ ಮುಖವನ್ನೇ ಕಂಡ. ಅದೇ ಹೊತ್ತಿಗೆ ಬಸ್ಸು ಚಂದಾಪುರದ ಸಿಗ್ನಲ್ಲಿಗೆ ಬಂದು ನಿಂತಿತು.

ಎಂಟು ವರ್ಷದಿಂದ ಅವನು ಈ ರಸ್ತೆಗೆ ಬಂದದ್ದು ಕಡಿಮೆ. ಬಂದಾಗಲೆಲ್ಲ ಈ ಸಿಗ್ನಲ್ಲಿನಲ್ಲಿ ಕಣ್ಣುಮುಚ್ಚಿ ನಿದ್ದೆ ಬಂದವನ ಹಾಗೆ ಕೂರುತ್ತಿದ್ದ. ಇವತ್ತು ತನ್ನ ಜಾಣತನದಲ್ಲಿ ಮೈಮರೆತಿದ್ದರಿಂದ ಕಣ್ಣು ತೆರೆದೇ ಇತ್ತು. ಅಂದು ಪೀಣ್ಯದ ಸೇಟಿನ ಲಾರಿಯಲ್ಲಿ ಕಬ್ಬಿಣದ ಪೈಪು ತುಂಬಿಕೊಂಡು ಬಂದು ಇಲ್ಲೇ ನಿಂತಿದ್ದ. ಮಟಮಟ ಮಧ್ಯಾಹ್ನ. ಲಾರಿ ಸ್ವಲ್ಪ ಎಡಕ್ಕೆ ವಾಲಿ ನಿಂತಿತ್ತೇನೋ, ಫ್ಯಾಕ್ಟರಿಯ ನೀಲಿ ಯೂನಿಫಾರಮ್ಮಿನ ಬೈಕಿನವನೊಬ್ಬ ನುಗ್ಗಲು ಜಾಗವಿಲ್ಲದೆ ಬಾಗಿಲಿಗೆ ಅಂಗೈಯಿಂದ ಬಡಿದು, “ಯಾವನಲೇ ನಿಂಗೆ ಲೈಸೆನ್ಸ್ ಕೊಟ್ಟೋನು? ಓಗಿ ಎಮ್ಮೆ ಮೇಯ್ಸೋಗಲೇ” ಎಂದ. ಪಕ್ಕದ ಆಟೋದಲ್ಲಿದ್ದ ಇಬ್ಬರು ಹೆಂಗಸರು ನಕ್ಕರು. ಅಷ್ಟೇ. ಇಡೀ ದಿನ ಪೊಲೀಸರ ಹತ್ತಿರ, ಲೋಡು ಇಳಿಸುವವರ ಹತ್ತಿರ, ಸೇಟಿನ ಹತ್ತಿರ ಅದಕ್ಕಿಂತ ಕೆಟ್ಟ ಮಾತು ಕೇಳಿಸಿಕೊಂಡು ಅಭ್ಯಾಸವಾಗಿದ್ದವನಿಗೆ ಅಂದು ಆ ನಗು ಯಾಕೆ ಹಾಗೆ ಚುಚ್ಚಿತೋ! ಹಸಿರು ಬಿದ್ದ ಮೇಲೆ ಬೈಕು ಎಡಗನ್ನಡಿಯಲ್ಲಿ ಕಂಡಿತು. ತನ್ನ ಪಾಡಿಗೆ ತಾನು, ರಸ್ತೆಯ ಅಂಚಿನಲ್ಲಿ, ಸರಿಯಾಗಿಯೇ ಬರುತ್ತಿತ್ತು. ಮುನಿಕೃಷ್ಣ ಸ್ಟಿಯರಿಂಗನ್ನು ಒಂದು ಗೇಣು ಎಡಕ್ಕೆ ತಿರುಗಿಸಿದ. ಹೆದರಲಿ ಎಂದು. ಹೆದರಿ, ಬೈಕು ನಿಲ್ಲಿಸಿ, ಕಾಲು ನೆಲಕ್ಕೂರಲಿ, ಕನ್ನಡಿಯಲ್ಲಿ ಆ ಮುಖ ಒಂದು ಸಲ ನೋಡೋಣ ಎಂದು. ಕನ್ನಡಿಯಲ್ಲಿ ಮುಖ ಕಾಣಲಿಲ್ಲ, ಬೈಕೂ ಕಾಣಲಿಲ್ಲ. ಹಿಂದಿನ ಗಾಲಿ ಏನೋ ಒಂದನ್ನು ಹತ್ತಿ ಇಳಿದದ್ದು ಮಾತ್ರ ಸೀಟಿನ ಕೆಳಗಿನಿಂದ ಬೆನ್ನುಹುರಿಗೆ ತಿಳಿಯಿತು. “ರಾಂಗ್ ಸೈಡಲ್ಲಿ ಬಂದ ಸಾರ್” ಎಂದು ಹೇಳಿದ್ದು ಯಾರು? ತಾನೇ. ಪೊಲೀಸರು ಇನ್ನೂ ಕೇಳುವ ಮೊದಲೇ ಹೇಳಿದ್ದ. ನಾಲಗೆಯಲ್ಲಿ ಆ ಮಾತು ಅಷ್ಟು ಬೇಗ ಎಲ್ಲಿಂದ ಬಂದು ಕೂತಿತ್ತೆಂದು ಅವನಿಗೆ ಇವತ್ತಿಗೂ ಅರ್ಥವಾಗಿಲ್ಲ. ಬೈಕಿನವನ ಹೆಸರು ಸಿದ್ದರಾಮಪ್ಪ. ಮೊಣಕಾಲಿನ ಮೇಲಿನವರೆಗೂ ಬಲಗಾಲು ತೆಗೆದರು. ಆಸ್ಪತ್ರೆಯಲ್ಲಿ ಎಚ್ಚರವಾದ ಮೇಲೆ ಅವನು ತಾನು ಸರಿಯಾಗೇ ಬರುತ್ತಿದ್ದೆ ಎಂದನಂತೆ. ಯಾರು ನಂಬುತ್ತಾರೆ? ಆಮೇಲೆ ಕೇಸು ರಾಜಿಯಾಯಿತು, ಸೇಟು ಪರಿಹಾರ ಕೊಟ್ಟು ಮುಗಿಸಿದ. ಇವನನ್ನು ಕೆಲಸದಿಂದ ತೆಗೆದ. ಆದರೂ ಮುನಿಕೃಷ್ಣ ಆ ಮನುಷ್ಯನ ಉಪಕಾರ ಮರೆತವನಲ್ಲ. ಪೀಣ್ಯದಲ್ಲಿ ಎಲ್ಲಾದರೂ ಕಂಡರೆ ನಿಂತು, ಚಪ್ಪಲಿ ಬಿಟ್ಟು, ಕೈಮುಗಿಯುತ್ತಿದ್ದ.

ಲೋಕೇಶನ ಯಾರ್ಡು ಇಂಡಸ್ಟ್ರಿಯಲ್ ಏರಿಯಾದ ಹಿಂದುಗಡೆ. ಅವನು ಇನ್ನೂ ಬಂದಿರಲಿಲ್ಲ. ಮೂರನೇ ಲಾರಿ, ಹದಿನಾಲ್ಕು ಅಡಿಯ ಕ್ಯಾಂಟರು, ಬೇವಿನ ಮರದಡಿ ನಿಂತಿತ್ತು. ಹಳೆಯದಲ್ಲ, ಹೊಸದೂ ಅಲ್ಲ. ಟಯರು ಚೆನ್ನಾಗಿದ್ದವು. ಇದೇ ಸಮಯವೆಂದು ಮುನಿಕೃಷ್ಣ ಹಿಂದಿನ ಬಾಗಿಲು ತೆಗೆದು ಒಳಗೆ ಹತ್ತಿದ. ಖಾಲಿ ರಟ್ಟಿನ ಡಬ್ಬಗಳ ಕಟ್ಟುಗಳಿದ್ದವು. ಒಂದನ್ನು ಬಿಚ್ಚಿ ನೋಡಿದ, ರಟ್ಟೇ. ಬಗ್ಗಿ ಮೂಸಿದ, ಗೋಂದಿನ ವಾಸನೆ. ಮಂಡಿಯೂರಿ ನೆಲದ ಹಲಗೆಯನ್ನು ಬೆರಳ ಗೆಣ್ಣಿನಿಂದ ಬಡಿದು ಬಡಿದು ಎಲ್ಲಾದರೂ ಟೊಳ್ಳು ಸದ್ದು ಬರುತ್ತದೆಯೇ ಎಂದು ಕಿವಿಯಿಟ್ಟ. ಇಳಿದು, ಅಂಗಾತ ಮಲಗಿ, ಗಾಡಿಯ ಅಡಿಗೆ ತೂರಿಕೊಂಡು, ಬೇರೆ ಟ್ಯಾಂಕು ಏನಾದರೂ ಕೂರಿಸಿದ್ದಾರೆಯೇ ಎಂದು ಮೊಬೈಲಿನ ಬೆಳಕು ಬಿಟ್ಟ. ಗ್ರೀಸು, ಕೆಸರು, ಒಂದು ಒಣಗಿದ ಜೇಡರ ಬಲೆ. ಆಗ ಎರಡು ಕಾಲುಗಳು ಬಂದು ಪಕ್ಕದಲ್ಲಿ ನಿಂತವು.

“ಏನ್ ಬಿದ್ದೈತ್ರಿ ಅಣ್ಣಾರ?”

ಮುನಿಕೃಷ್ಣ ತೆವಳಿಕೊಂಡು ಹೊರಬಂದ. ಷರಟಿನ ಬೆನ್ನೆಲ್ಲ ಧೂಳು. ನಿಂತಿದ್ದವನು ಮೂವತ್ತರ ಆಸುಪಾಸಿನ ಸಣಕಲು ಮನುಷ್ಯ, ಕೊರಳಲ್ಲಿ ಟವೆಲು. ಬಾಗಲಕೋಟೆ ಕಡೆಯ ಯಮನಪ್ಪನಂತೆ, ಎರಡನೇ ಲಾರಿಯ ಡ್ರೈವರು. ಹೆಂಡತಿ ಮಕ್ಕಳ ಜೊತೆ ಇಲ್ಲೇ ಶೀಟಿನ ರೂಮಿನಲ್ಲಿ ಬಾಡಿಗೆಗಿದ್ದಾನೆ.

“ಏನಿಲ್ಲ, ಗಾಡಿ ನೋಡ್ತಿದ್ದೆ. ಲೋಕೇಶನ ಬಾವ ನಾನು.”

“ಹೌದೇನ್ರಿ! ಸಾವ್ಕಾರ್ರು ಹೇಳ್ಯಾರ್ರಿ, ನಮ್ಮ ಬಾವಾರು ಬರ್ತಾರ ಅಂತ.” ಯಮನಪ್ಪ ಟವೆಲು ತೆಗೆದು ಮುನಿಕೃಷ್ಣನ ಬೆನ್ನಿನ ಧೂಳು ಕೊಡವತೊಡಗಿದ. ಬೇಡವೆಂದರೂ ಬಿಡಲಿಲ್ಲ. ಆ ಕೈಯ ಮೃದುತನ ಮುನಿಕೃಷ್ಣನಿಗೆ ಹಿಂಸೆಯಾಯಿತು.

“ಇದರಲ್ಲಿ ಏನೇನು ಲೋಡು ಹೋಗುತ್ತೆ?”

“ರಟ್ಟಿನ ಡಬ್ಬಿರಿ. ಇಲ್ಲಿಂದ ಪೀಣ್ಯಾಕ್ಕ ಒಯ್ಯೂದು, ಖಾಲಿ ಬರೂದು. ಮತ್ತೇನಿಲ್ರಿ.”

“ಬೇರೆ ಏನೂ ಇಲ್ವ? ಸರಿಯಾಗಿ ಹೇಳಪ್ಪ, ನಾನು ಯಾರ್ಗೂ ಹೇಳಲ್ಲ.”

ಯಮನಪ್ಪನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಮಳಿ ಬಂದ್ರ ತಾಡಪತ್ರಿ ಹಾಕಬೇಕ್ರಿ, ರಟ್ಟು ತೊಯ್ಯತೈತಿ. ಅದೊಂದು ಕೆಲ್ಸ ಹೆಚ್ಚರಿ” ಎಂದ.

“ನಿಂಗೆಷ್ಟು ಕೊಡ್ತಾನೆ?”

“ಇಪ್ಪತ್ಮೂರ್ರಿ. ಈ ಗಾಡಿ ಹಿಂದಿನ ಡ್ರೈವರ್‌ಗೂ ಅಷ್ಟ ಇತ್ತರಿ. ಅವ ಊರಿಗೆ ಹ್ವಾದ, ಹೊಲ ಮಾಡ್ತೀನಂತ. ಸಾವ್ಕಾರ್ರು ಕೊಡೂದ್ರಾಗ ಒಂದಿನಾನೂ ತಡ ಮಾಡಿಲ್ರಿ.” ಅನಂತರ ಹಲ್ಲು ಕಿರಿದು, “ನಿಮಗ ಎಷ್ಟ ಹೇಳ್ಯಾರ್ರಿ?” ಎಂದ.

“ಅಷ್ಟೇ” ಎಂದ ಮುನಿಕೃಷ್ಣ. ಹೇಳಿದ ಮೇಲೆ ಕಿವಿಯ ಹಿಂಭಾಗ ಬಿಸಿಯಾಯಿತು. ಅದೇ ರಸ್ತೆ, ಅದೇ ರಟ್ಟು, ಅದೇ ಮಾಲೀಕ. ಇವನಿಗೆ ಇಪ್ಪತ್ತಮೂರು, ತನಗೆ ಮೂವತ್ತೆಂಟು. ಹಾಗಾದರೆ ಜಮೀನೇ. ಈಗ ಯಾವ ಅನುಮಾನವೂ ಉಳಿದಿಲ್ಲ.

ಲೋಕೇಶ ಹನ್ನೆರಡರ ಹೊತ್ತಿಗೆ ಬಂದ. ಶೀಟಿನ ಆಫೀಸಿನ ಬಾಗಿಲು ತೆಗೆದು, ತನ್ನ ಕುರ್ಚಿಯನ್ನು ಬಾವನ ಕಡೆ ತಳ್ಳಿ, ತಾನು ಸ್ಟೂಲಿನ ಮೇಲೆ ಕೂತ. ಅದೂ ನಾಟಕವಾಗಿಯೇ ಕಂಡಿತು ಮುನಿಕೃಷ್ಣನಿಗೆ. ಕೂರದೆ ನಿಂತೇ ಕೇಳಿದ:

“ಸೈನ್ ಯಾವಾಗ ಬೇಕು?”

“ಯಾವ ಸೈನ್ ಬಾವ?”

“ನಾಟ್ಕ ಬೇಡ ಲೋಕೇಶ. ಯಮನಪ್ಪಂಗೆ ಇಪ್ಪತ್ಮೂರು, ನಂಗೆ ಮೂವತ್ತೆಂಟು. ಮೇಲಿನ ಹದಿನೈದು ಯಾವ ಲೆಕ್ಕ? ನಿಮ್ಮಕ್ಕನ ಹತ್ರ ಜಮೀನಿಗೆ ಸೈನ್ ಹಾಕ್ಸೋಕಲ್ವ ಇದೆಲ್ಲ? ನೇರ ಕೇಳೋಕಾಗ್ದೆ ನನ್ನ ಕೂಲಿಗಿಟ್ಕೊಂಡು ಕೇಳ್ತೀಯ?”

ಲೋಕೇಶ ಒಂದು ಗಳಿಗೆ ಪಿಳಿಪಿಳಿ ನೋಡಿದ. ಆಮೇಲೆ ನಕ್ಕುಬಿಟ್ಟ, ಹಗುರಾದವನ ಹಾಗೆ. “ಅಯ್ಯೋ, ಅದಾ? ಸೈನ್ ಅಕ್ಕ ಎಂಟು ವರ್ಷದ ಹಿಂದೇನೇ ಹಾಕಾಯ್ತಲ್ಲ ಬಾವ...” ಅನ್ನುತ್ತಿದ್ದವನು ತಟ್ಟನೆ ನಿಲ್ಲಿಸಿದ. ನಗು ಮುಖದ ಮೇಲೇ ಉಳಿದು ಬಣ್ಣ ಮಾತ್ರ ಇಳಿದುಹೋಯಿತು.

ಹೊರಗೆ ಯಮನಪ್ಪ ಗಾಡಿ ಸ್ಟಾರ್ಟ್ ಮಾಡಿದ್ದು, ಗೇಟು ದಾಟಿದ್ದು, ರಸ್ತೆಗೆ ಹೋದದ್ದು, ಎಲ್ಲ ಕೇಳಿಸಿತು. ಮುನಿಕೃಷ್ಣ ಕುರ್ಚಿಯಲ್ಲಿ ಕೂತ.

“ಹೇಳು.”

“ಅಕ್ಕ ಹೇಳಿಲ್ವ ನಿಮಗೆ?”

“ಹೇಳು ಅಂದೆ.”

ಲೋಕೇಶ ಮತ್ತೆ ಗೋಡೆ ನೋಡಿದ. ಹೇಳಿದ್ದು ಸುತ್ತಿಬಳಸಿ, ಮಧ್ಯೆ ಮಧ್ಯೆ ಫೋನು ತಿರುಗಿಸುತ್ತ. ಸೇಟು ಒಂದು ಕಾಸೂ ಕೊಟ್ಟಿರಲಿಲ್ಲ. ಲಾರಿಯ ಇನ್ಶೂರೆನ್ಸ್ ಮುಗಿದು ಮೂರು ತಿಂಗಳಾಗಿತ್ತು, ಡ್ರೈವರ್ ತಪ್ಪಿಗೆ ನಾನು ಜವಾಬ್ದಾರನಲ್ಲ ಎಂದು ಕೈ ತೊಳೆದುಕೊಂಡಿದ್ದ. ಸಿದ್ದರಾಮಪ್ಪನ ಕಡೆಯವರು ಬಿಡುವ ಹಾಗಿರಲಿಲ್ಲ. ರಾಜಿಯಾದರೆ ಆಯಿತು, ಇಲ್ಲವೆಂದರೆ ಶಿಕ್ಷೆ ಎಂದು ವಕೀಲರು ಹೇಳಿದ್ದರು. ಜ್ಯೋತಿಲಕ್ಷ್ಮಿ ಒಬ್ಬಳೇ ಬಸ್ಸಿನಲ್ಲಿ ತವರಿಗೆ ಬಂದು, ತನ್ನ ಭಾಗದ ಹನ್ನೆರಡು ಗುಂಟೆ ತಮ್ಮನಿಗೆ ಬರೆದುಕೊಟ್ಟು, ಎಂಟು ಲಕ್ಷ ತೆಗೆದುಕೊಂಡು ಹೋಗಿದ್ದಳು. “ಮಾಡದೇ ಇರೋ ತಪ್ಪಿಗೆ ನನ್ನ ಗಂಡ ಜೈಲಿಗೋಗಬಾರ್ದು ಕಣೋ, ಅಂದ್ಲು ಬಾವ. ಅತ್ತಿಲ್ಲ ಕರೆದಿಲ್ಲ, ಅಷ್ಟೇ ಅಂದ್ಲು. ನನ್ನತ್ರ ಆಗ ಇದ್ದಿದ್ದೂ ಅಷ್ಟೇ. ಈಗ ಆ ಹನ್ನೆರಡು ಗುಂಟೆ ಮೇಲೇ ನಾನು ಶೆಡ್ಡು ಕಟ್ಸಿ ಬಾಡಿಗೆಗೆ ಕೊಟ್ಟಿರೋದು. ಒಂದೊಂದು ಸಲ ಬಾಡಿಗೆ ಬಂದಾಗ್ಲೂ ಗಂಟ್ಲಲ್ಲಿ ಏನೋ ಸಿಕ್ಕಾಕೊಂಡಂಗೆ ಆಗುತ್ತೆ. ಅಕ್ಕನ ಕೈಗೇ ಕೊಡೋಕೋದೆ. ಮುಟ್ಲಿಲ್ಲ. ಅವರಿಗೆ ಗೊತ್ತಾದ್ರೆ ನಾನು ಆ ಮನೇಲಿ ಬಾಳೋಕಾಗಲ್ಲ, ಕೊಡ್ಲೇಬೇಕು ಅಂದ್ರೆ ಅವ್ರಿಗೊಂದು ಕೆಲ್ಸ ಕೊಡು, ಸಂಬಳದಲ್ಲೇ ಸೇರ್ಸಿಕೊಡು, ಅಂದ್ಲು. ಅದೇ ಆ ಹದಿನೈದು.”

ಮುನಿಕೃಷ್ಣನಿಗೆ ಮೊದಲು ನೆನಪಾದದ್ದು ಹೆಂಡತಿಯಲ್ಲ, ಸೇಟು. ಪೀಣ್ಯದ ರಸ್ತೆಯಲ್ಲಿ ಚಪ್ಪಲಿ ಬಿಟ್ಟು ಕೈಮುಗಿದಾಗಲೆಲ್ಲ ಆ ಮನುಷ್ಯ ತಲೆಯಾಡಿಸಿ ಸ್ವೀಕರಿಸುತ್ತಿದ್ದ. ಒಂದು ದಿನವೂ ಅಲ್ಲ ಅನ್ನಲಿಲ್ಲ. ಒಂದು ಸಲವಂತೂ, ಇರಲಿ ಬಿಡಪ್ಪ, ಎಂದು ಭುಜ ತಟ್ಟಿದ್ದ. ಆಮೇಲೆ ನೆನಪಾದದ್ದು ತಾನು ಹೇಳುತ್ತಿದ್ದ ಮಾತು, ನಿಮ್ಮಪ್ಪನ ಮನೆಯಿಂದ ಒಂದು ರೂಪಾಯಿ ಮುಟ್ಟಿದೋನಲ್ಲ. ನಾಮಕರಣಗಳಲ್ಲಿ, ಗೃಹಪ್ರವೇಶಗಳಲ್ಲಿ, ಈ ಲೋಕೇಶನ ಮದುವೆಯ ಊಟದ ಸಾಲಿನಲ್ಲಿ ಕೂತು. ಅಕ್ಕಪಕ್ಕ ಕೂತಿದ್ದವರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ಎಷ್ಟು ಜನ ಅನ್ನ ಕಲಸುತ್ತ ಕೆಳಗೆ ನೋಡಿದ್ದರು? ಮೈ ಉರಿಯಿತು. ಆ ಉರಿಯಲ್ಲೂ ಅವನ ಬುದ್ಧಿ ತನ್ನ ಕೆಲಸ ಬಿಡಲಿಲ್ಲ. ಶೆಡ್ಡಿನ ಬಾಡಿಗೆ ಎಷ್ಟು ಬರುತ್ತದೆ, ಅದರಲ್ಲಿ ಹದಿನೈದು ಎಷ್ಟನೇ ಪಾಲು, ಇಷ್ಟಕ್ಕೆ ಗಂಟಲಿನದು ಇಳಿದುಹೋಗುತ್ತದೆಯೇ ಇವನಿಗೆ ಎಂದು ಕೇಳಿತು. ಹಾಗೆ ಕೇಳುವ ಹಕ್ಕು ತನಗೆಲ್ಲಿದೆ ಎಂದು ಇನ್ನೊಂದು ಕಡೆಯಿಂದ ಅದೇ ಬುದ್ಧಿ ಅಂದಿತು. ಮಾಡದೇ ಇರುವ ತಪ್ಪು. ಹನ್ನೆರಡು ಗುಂಟೆ ಹೋದದ್ದು ಆ ಒಂದು ಮಾತಿನ ಮೇಲೆ.

“ಯಮನಪ್ಪಂಗೆ ಕೊಡೋದನ್ನೇ ಕೊಡು. ಇಪ್ಪತ್ಮೂರು. ಮುಂದಿನ ಸೋಮವಾರದಿಂದ ಬರ್ತೀನಿ” ಎಂದು ಎದ್ದ.

“ಬಾವ, ಅಕ್ಕನಿಗೆ ಏನು ಹೇಳ್ಲಿ?”

“ನೀನೇನೂ ಹೇಳ್ಬೇಡ.”

ವಾಪಸ್ಸಿನ ದಾರಿ ಉದ್ದವಾಯಿತು. ಇನ್ನು ಸಿಟ್ಟು ಮಾಡಬಹುದು ಎಂದು ಅವನಿಗೆ ಅನ್ನಿಸುತ್ತಿತ್ತು. ಸಿಟ್ಟು ಮಾಡಲು ಒಳ್ಳೆಯ ಕಾರಣವೇ ಸಿಕ್ಕಿದೆ. ಎಂಟು ವರ್ಷ ಗಂಡನಿಂದ ಮುಚ್ಚಿಟ್ಟವಳು, ಬೆನ್ನ ಹಿಂದೆ ಸಂಬಳ ಗೊತ್ತುಮಾಡಿದವಳು. ಮನೆಗೆ ಹೋಗಿ ಬಾಗಿಲು ಧಡಾರನೆ ತೆಗೆದು, ನನ್ನ ಮರ್ಯಾದೆ ಕಳೆದೆ ಎಂದು ಕೂಗಿ, ಎರಡು ದಿನ ಊಟ ಬಿಟ್ಟರೆ, ಅವಳು ಅತ್ತು ತಪ್ಪಾಯಿತೆನ್ನುತ್ತಾಳೆ. ಅವಳ ತಪ್ಪಿನ ನೆರಳಲ್ಲಿ ತನ್ನದು ಇನ್ನೂ ಇಪ್ಪತ್ತು ವರ್ಷ ಆರಾಮಾಗಿ ಇರಬಹುದು. ಇಷ್ಟು ಸಲೀಸಾಗಿ ಇದು ಹೊಳೆದದ್ದು ಕಂಡು ಮುನಿಕೃಷ್ಣ ತನ್ನ ಬಗ್ಗೆಯೇ ಹೇಸಿದ. ಲೋಕವನ್ನೆಲ್ಲ ತಾನು ಅನುಮಾನದಿಂದ ನೋಡುವುದು ಲೋಕ ಕೆಟ್ಟದ್ದೆಂದಲ್ಲ, ಒಂದು ಗೇಣು ಸ್ಟಿಯರಿಂಗ್ ತಿರುಗಿಸುವಷ್ಟು ಹೊತ್ತಿನಲ್ಲಿ ಒಬ್ಬ ಮನುಷ್ಯ ಏನಾಗಬಲ್ಲ ಎಂದು ಕಂಡಿದ್ದರಿಂದ. ಕಂಡದ್ದು ತನ್ನನ್ನೇ. ಚಂದಾಪುರದ ಸಿಗ್ನಲ್ಲಿನಲ್ಲಿ ಈ ಸಲ ಬಸ್ಸು ನಿಲ್ಲಲಿಲ್ಲ.

ಅವನು ಮನೆ ಸೇರಿದಾಗ ನಾಲ್ಕು ಗಂಟೆ. ಜ್ಯೋತಿಲಕ್ಷ್ಮಿ ಮಿಷನ್ನು ತುಳಿಯುತ್ತಿದ್ದಳು. ತಲೆ ಎತ್ತದೆ, “ಊಟ ಆಯ್ತಾ? ಏನಂದ್ರಿ ಅವನಿಗೆ?” ಎಂದಳು.

“ಒಪ್ಕೊಂಡೆ. ಇಪ್ಪತ್ಮೂರಕ್ಕೆ.”

ಮಿಷನ್ನು ನಿಂತಿತು. ಅವಳು ಕಾಲನ್ನು ಪೆಡಲಿನಿಂದ ತೆಗೆದು ನೆಲದ ಮೇಲಿಟ್ಟಳು. ಹದಿನೈದು ಎಲ್ಲಿ ಹೋಯಿತೆಂದು ಕೇಳಲಿಲ್ಲ. “ಬಾಯ್ಬಿಟ್ನಾ?” ಎಂದಳು.

“ಹೂಂ. ಒಂದು ಮಾತು ನನಗೆ ಹೇಳ್ಬೋದಿತ್ತು ನೀನು.”

“ಯಾರಿಗೆ ಹೇಳ್ಲಿ? ಹನ್ನೊಂದು ದಿನ ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿದ್ರಿ. ತಟ್ಟೆ ಇಟ್ರೆ ತಿಂತಿದ್ರಿ, ಇಡದಿದ್ರೆ ಕೇಳ್ತಿರ್ಲಿಲ್ಲ. ಆ ಬೆನ್ನಿಗೆ ಹೇಳ್ಬೇಕಾಗಿತ್ತ?” ಅವಳ ದನಿ ಏರಲಿಲ್ಲ. “ಆಮೇಲೆ ನೀವೇ ಸೇಟು ಕೊಟ್ಟ ಅಂದ್ಕೊಂಡ್ರಿ. ಅಂದ್ಕೊಳ್ಳಿ ಅಂತ ಬಿಟ್ಟೆ. ನೀವು ತಪ್ಪು ಮಾಡಿದ್ರೆ ಹೋಗ್ಲಿ, ಅನುಭವಿಸ್ಲಿ ಅಂತಿದ್ನೇನೋ. ರಾಂಗ್ ಸೈಡಲ್ಲಿ ಬಂದು ಬಿದ್ದೋನಿಗೆ ನೀವ್ಯಾಕೆ ಒಳಗೆ ಹೋಗ್ಬೇಕು?”

ಈಗಲೂ ಸುಮ್ಮನಿರಬಹುದಿತ್ತು. ಅವಳು ಕಾಫಿಗೆ ಇಡಲು ಏಳುತ್ತಿದ್ದಳು. ಮುನಿಕೃಷ್ಣ ಬಾಗಿಲ ಚೌಕಟ್ಟು ಹಿಡಿದುಕೊಂಡ.

“ಅವನು ರಾಂಗ್ ಸೈಡಲ್ಲಿ ಬರ್ಲಿಲ್ಲ.”

ಅವಳು ನೋಡಿದಳು.

“ಸಿಗ್ನಲ್ಲಲ್ಲಿ ಬೈದ. ಜನ ನಕ್ರು. ಆಮೇಲೆ ಕನ್ನಡೀಲಿ ಕಾಣ್ತಿದ್ದ, ಸರಿಯಾಗೇ ಬರ್ತಿದ್ದ. ನಾನು ಲಾರಿ ಎಡಕ್ಕೆ ತಗೊಂಡೆ. ಹೆದರಿಸೋಣ ಅಂತ.”

“ಹೆದರಿಸೋಕೆ.”

“ಹೂಂ.”

“ಬೇಕು ಅಂತ?”

“ಹೆದರ್ಸೋದು ಬೇಕು ಅಂತ. ಬೀಳ್ಸೋದಲ್ಲ.”

ಅವಳು ಅಳುತ್ತಾಳೆ ಎಂದು ಅವನು ಕಾದ. ಬೈಯುತ್ತಾಳೆ ಎಂದು ಕಾದ. ಅವಳು ಮಿಷನ್ನಿನ ಮೇಲಿದ್ದ ಬ್ಲೌಸನ್ನು ನಿಧಾನವಾಗಿ ಬಿಡಿಸಿ, ನಾಲ್ಕು ಮಡಿಕೆ ಮಡಿಸಿ, ಪಕ್ಕಕ್ಕಿಟ್ಟಳು. ಮುಖದಲ್ಲಿ ಏನೋ ಮೆಲ್ಲಗೆ ಜಾಗ ಬದಲಾಯಿಸುತ್ತಿತ್ತು. ಇಷ್ಟು ವರ್ಷ ಅವನ ಮಾತಿಗೆ ಮೌನವಾಗಿ ಅಡ್ಡ ನಿಂತು ಕಾಯುತ್ತಿದ್ದದ್ದು ಅಲ್ಲಿಂದ ಎದ್ದುಹೋದ ಹಾಗೆ. ಹೊರಗೆ ತರಕಾರಿ ಗಾಡಿಯವನು ಮೈಕಿನಲ್ಲಿ ಸೊಪ್ಪಿನ ಹೆಸರು ಕೂಗುತ್ತ ಹಾದುಹೋದ.

“ಲೋಕೇಶಂಗೆ ಗೊತ್ತಾ ಇದು?”

“ಇಲ್ಲ.”

“ಹೇಳಿ. ಲಾರಿ ಅವನದು. ಕೊಡೋದು ಬಿಡೋದು ಕೇಳಿದ್ಮೇಲೆ ಅವನಿಷ್ಟ. ಇನ್ನೊಂದು. ಆ ಹದಿನೈದು ಇನ್ಮೇಲೆ ನನ್ನ ಕೈಗೇ ಬರ್ಲಿ. ಮನೆ ಖರ್ಚಿಗಲ್ಲ, ಮಾಲನ ಫೀಸಿಗೂ ಅಲ್ಲ.”

“ಮತ್ತೆ ಯಾತಕ್ಕೆ?”

“ಅದು ನಿಮಗೆ ಬೇಡ.”

ಮೊದಲಾಗಿದ್ದರೆ ಆ ‘ಬೇಡ’ವನ್ನು ಅವನು ವಾರಗಟ್ಟಲೆ ಬಿಡಿಸಿ ಬಿಡಿಸಿ ನೋಡುತ್ತಿದ್ದ. ಈಗ ಅದನ್ನು ಕೇಳಿಸಿಕೊಂಡು ಸುಮ್ಮನೆ ಜೇಬಿನಿಂದ ಫೋನು ತೆಗೆದ. ಅವನು ಅವಳ ತವರಿನವರೊಡನೆ ಮಾತಾಡುವಾಗಲೆಲ್ಲ ಎದ್ದು ಅಡುಗೆಮನೆಗೆ ಹೋಗುತ್ತಿದ್ದ ಜ್ಯೋತಿಲಕ್ಷ್ಮಿ ಇವತ್ತು ಹೋಗಲಿಲ್ಲ. ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಅವನ ಎದುರಿಗೇ ಕೂತಳು. ಎರಡೇ ರಿಂಗಿಗೆ ಆ ಕಡೆಯಿಂದ, “ಹೇಳಿ ಬಾವ” ಎಂದು ಲೋಕೇಶನ ದನಿ ಬಂತು, ಏನಾಗಿದೆಯೋ ಎಂಬ ಗಾಬರಿಯಲ್ಲಿ. ಮುನಿಕೃಷ್ಣ ಚಂದಾಪುರದ ಸಿಗ್ನಲ್ಲಿನಿಂದ ಶುರುಮಾಡಿದ.